ಮೂರನೆಯ ಗೆರೆ

ಸಿಬ್ಬಂದಿಯ ಶೌಚಾಲಯದ ಕನ್ನಡಿಯ ಮುಂದೆ, ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಅವನು ತನ್ನ ಎದೆಗೆ ತಾನೇ ಪಟ್ಟಿ ಕಟ್ಟಿಕೊಳ್ಳಲು ಹೆಣಗುತ್ತಿದ್ದ. ನಾಯಿಗಾಗಿದ್ದರೆ ಕಣ್ಣು ಮುಚ್ಚಿಕೊಂಡು ಕಟ್ಟಿಬಿಡುತ್ತಿದ್ದ. ಮುಂಗಾಲುಗಳ ಹಿಂದೆ ಕೈ ತೂರಿಸಿ, ಕೂದಲು ಸರಿಸಿ, ಎದೆಬಡಿತ ಹಿಡಿಯುವ ಗುಂಡಿಯನ್ನು ಪಕ್ಕೆಗೆ ಒತ್ತಿ, ಕೊಂಡಿ ಸಿಗಿಸಿದರೆ ಮುಗಿಯಿತು. ಮನುಷ್ಯರಿಗೂ ಅಷ್ಟೇ, ಈ ಆರೈಕೆ ಕೇಂದ್ರದ ಮುದುಕ ಮುದುಕಿಯರ ಎದೆಗೆ ಕಟ್ಟಿ ಕಟ್ಟಿ ಕೈ ಪಳಗಿತ್ತು. ತನ್ನ ಮೈಯ ವಿಷಯ ಬಂದಾಗ ಮಾತ್ರ ಬೆನ್ನಿನ ಹಿಂದೆ ಕೊಂಡಿ ಕಳ್ಳಾಟ ಆಡುತ್ತಿತ್ತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕಚೇರಿಯ ಗುಮಾಸ್ತ ಒಳಗೆ ಬಂದ. ಬೊಜ್ಜು ಬಿಟ್ಟುಕೊಂಡು, ಬಾಯಲ್ಲಿ ಅಂಗಿ ತುರುಕಿಕೊಂಡು ನಿಂತ ಪ್ರಾಣಿವೈದ್ಯನನ್ನು ಮೇಲಿಂದ ಕೆಳಗೆ ನೋಡಿ, 'ಏನ್ ಡಾಕ್ಟ್ರೇ, ಇವತ್ತು ನೀವೇ ನಾಯೀನಾ?' ಎಂದ. ಏನಾದರೂ ಹೇಳಬೇಕೆಂದು ಇವನು ಬಾಯಿ ತೆರೆದ. ಅಂಗಿ ಜಾರಿತು, ಅದರ ಜೊತೆಗೆ ಪಟ್ಟಿಯೂ ಸೊಂಟಕ್ಕೆ ಇಳಿಯಿತು. ಗುಮಾಸ್ತ ಕೈ ತೊಳೆದುಕೊಂಡು, ನಗು ತಡೆದುಕೊಂಡು ಹೊರಟುಹೋದ. ಮಧ್ಯಾಹ್ನದ ಊಟದ ಹೊತ್ತಿಗೆ ಈ ಸುದ್ದಿ ಅಡುಗೆಮನೆಯವರೆಗೂ ಮುಟ್ಟುತ್ತದೆ ಎಂದುಕೊಳ್ಳುತ್ತ, ಅವನು ಮತ್ತೆ ಅಂಗಿಯನ್ನು ಹಲ್ಲಿಗೆ ಕೊಟ್ಟ.

ಇಷ್ಟಕ್ಕೆಲ್ಲ ಕಾರಣ ನಿನ್ನೆ ಲೆಕ್ಕದ ಮೇಡಂ ಆಡಿದ ಮಾತು. ಅವನ ಸಂಶೋಧನೆಯಲ್ಲಿ ಅಂಕಿಅಂಶಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಕಡಿಮೆ ಮಾತು, ಆಡಿದರೆ ಸೂಜಿ ಚುಚ್ಚಿದ ಹಾಗೆ. ನಾಯಿ ಬಂದು ಹತ್ತಿರ ಕೂತರೆ ಹಾಸಿಗೆ ಹಿಡಿದವರ ಎದೆಬಡಿತ ತಣಿಯುತ್ತದೆ, ಸರಿ. ಹಾಗೆ ಕೂತ ನಾಯಿಗೆ ಏನಾಗುತ್ತದೆ? ಇದು ಅವನ ಪ್ರಶ್ನೆಯಾಗಿತ್ತು. ಒಳ್ಳೆಯದಾಗುವುದಾದರೆ ಎರಡು ಜೀವಕ್ಕೂ ಆಗಬೇಕು, ಒಂದರ ಸುಖಕ್ಕೆ ಇನ್ನೊಂದನ್ನು ಹಿಂಡಬಾರದು ಎಂದು ದೊಡ್ಡವರ ಮುಂದೆ ಭಾಷಣ ಮಾಡಿ, ಕೆಲಸಕ್ಕೆ ಒಪ್ಪಿಗೆ ತಂದಿದ್ದ. ಯಾವ ಕೋಣೆಯಲ್ಲಿ ನಾಯಿ ಮತ್ತೆ ಮತ್ತೆ ಕಳವಳಪಡುತ್ತದೋ ಆ ಕೋಣೆಗೆ ಅದನ್ನು ಕರೆದೊಯ್ಯಕೂಡದು ಎಂಬ ನಿಯಮ ಮಾಡಿದವನೂ ಅವನೇ. ಬಾಯಿಲ್ಲದ ಪ್ರಾಣಿಯ 'ಬೇಡ'ವನ್ನು ನಾವೇ ಕೇಳಿಸಿಕೊಳ್ಳಬೇಕು ಎಂದು ಅವನು ಹೇಳಿದಾಗ ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದರು. ನಿನ್ನೆ ಲೆಕ್ಕದ ಮೇಡಂ ಪರದೆಯನ್ನು ಅವನ ಕಡೆ ತಿರುಗಿಸಿ, 'ಎಲ್ಲಾ ಕೋಣೇಲೂ ನಾಯಿ ಆರಾಮಾಗಿದೆ ಸಾರ್. ಕೊನೇ ಕೋಣೇಲಿ ಮಾತ್ರ ಪ್ರತಿ ಸಲ ಅದರ ಎದೆಬಡಿತದ ಗೆರೆ ಏರ್ತಾ ಇದೆ' ಎಂದಳು. ಕೋಣೆಗಳ ಮುಂದೆ ಹಾದುಹೋಗುವ ಓಣಿಯ ಕೊನೆಯ ಕೋಣೆಯಲ್ಲಿ ಇದ್ದವಳು ಅವನ ಅಕ್ಕ. 'ಹಾಗಾದ್ರೆ ನಿಲ್ಲಿಸಬೇಕಾ?' ಎಂದು ಅವನು ಕೇಳಿದ. 'ನಿಯಮ ನಿಮ್ಮದೇ' ಎಂದ ಅವಳು ಆ ಗೆರೆಯ ಮೇಲೆ ಬೆರಳಿಟ್ಟು, 'ಅಲ್ಲಾ ಸಾರ್, ಆ ಕೋಣೇಲಿ ಅಕ್ಕ ಇರ್ತಾರೆ, ನಾಯಿ ಇರುತ್ತೆ. ನೀವೂ ಇರ್ತೀರಲ್ಲ. ನಿಮ್ಮ ಎದೆಬಡಿತ ಯಾರು ನೋಡಿದಾರೆ?' ಎಂದಳು. 'ನಾನು ಎಲ್ಲಾ ಕೋಣೆಗೂ ಹೋಗ್ತೀನಲ್ಲಮ್ಮ.' 'ಹೋಗ್ತೀರಿ. ಎಲ್ಲಾ ಕೋಣೇಲೂ ಒಂದೇ ತರ ಇರ್ತೀರಾ?' ಅವನು ನಕ್ಕು ತೇಲಿಸಿದ್ದ. ಬೆಳಿಗ್ಗೆ ಎದ್ದಾಗ ಆ ಪ್ರಶ್ನೆ ತನಗಿಂತ ಮುಂಚೆಯೇ ಎದ್ದು ಹಾಸಿಗೆಯ ಪಕ್ಕದಲ್ಲಿ ಕೂತಿತ್ತು.

ಮೆಟ್ಟಿಲ ಬಳಿ ನಾಯಿ ಕಾಯುತ್ತಿತ್ತು. ಕಂದು ಬಣ್ಣದ, ಮೂತಿ ನರೆತ, ಅವಸರವೆಂದರೆ ಏನೆಂದು ಅರಿಯದ ಹೆಣ್ಣು ನಾಯಿ. ಪ್ರತಿ ಕೋಣೆಯನ್ನೂ ಹೊಕ್ಕು, ಮಂಚದಡಿ, ಮೂಲೆ, ಕಸದಬುಟ್ಟಿ ಎಲ್ಲ ಮೂಸಿ ನೋಡಿ ಆಮೇಲೆ ಕೂರುತ್ತಿದ್ದುದರಿಂದ ಎಲ್ಲರೂ ಅದಕ್ಕೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು. ತನ್ನ ಕೋಣೆಯ ಬಾಗಿಲಿನಿಂದಲೇ ಡ್ರೈವರ್ ತಾತ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು ಸೆಲ್ಯೂಟ್ ಹೊಡೆದ. ಜೀವಮಾನವಿಡೀ ಲಾರಿ ಓಡಿಸಿದವನು. ಈಗ ಒಂದು ಕಾಲಿಲ್ಲ. 'ಬಾರಮ್ಮ ಇನ್‌ಸ್ಪೆಕ್ಟರಮ್ಮ, ಲೈಸೆನ್ಸ್ ಮನೇಲಿ ಬಿಟ್ಟು ಬಂದಿದೀನಿ, ಈ ಒಂದ್ಸಲ ಬಿಟ್ಬಿಡು' ಎಂದು ತಾತ ದಿನವೂ ಹೇಳುವ ಮಾತನ್ನೇ ಹೇಳಿದ. ನಾಯಿ ದಿನದಂತೆಯೇ ಇದ್ದ ಒಂದು ಕಾಲಿನ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು. ಪಟ್ಟಿ ಕಟ್ಟುವಾಗ ಅವನ ಬೆರಳುಗಳು ತಾತನ ಎದೆಯನ್ನು ಹಗುರವಾಗಿ ಮುಟ್ಟಿದವು. ಇಬ್ಬರೂ ಏನೇನೋ ಹರಟಿದರು. ಸುಲಭವಾಗಿ ಮಾತಾಡುವ, ನಗಿಸಿ ನಗುವ ಈ ಮನುಷ್ಯ ನಾನೇ, ಇಲ್ಲಿ ನನ್ನನ್ನು ಕಂಡರೆ ಯಾರಿಗೂ ಭಯವಿಲ್ಲ ಎಂದು ಅವನಿಗೆ ಸಮಾಧಾನವಾಯಿತು. ಹೊರಡುವಾಗ ತಾತ, 'ನಿಮ್ಮಕ್ಕನ ಕೋಣೆಗೆ ಹೋಗೋದಾ ಇನ್ನು? ಹೋಗಿ ಹೋಗಿ. ನಿನ್ನೆ ಚೆನ್ನಾಗಿ ಮಾತಾಡ್ತಿದ್ರು' ಎಂದ. 'ಯಾರ ಹತ್ರ?' 'ಇವಳ ಹತ್ರಾನೇ. ನೀವು ಫೋನ್ ಬಂತು ಅಂತ ಆಚೆ ಹೋದ್ರಲ್ಲ, ಆವಾಗ. ನನ್ನ ಕುರ್ಚಿ ಅವರ ಬಾಗಿಲ ಹತ್ರಾನೇ ಇತ್ತು.' ಅವನು ನಾಯಿಯ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡ. ಲಕ್ವ ಹೊಡೆದಂದಿನಿಂದ ಅಕ್ಕ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಮಾತೇ ಬಿದ್ದುಹೋಗಿದೆ ಎಂದು ಅವನು ಮನೆಯಲ್ಲಿ ಹೆಂಡತಿಗೂ, ಊರೆಲ್ಲಕ್ಕೂ ಹೇಳಿಕೊಂಡು ಬಂದಿದ್ದ. ನಾಯಿಯ ಮೇಲೆ ಹೊಟ್ಟೆಕಿಚ್ಚುಪಡುವ ಮಟ್ಟಕ್ಕೆ ಇಳಿದೆನಲ್ಲ ಎಂದು ನಾಚಿಕೆಯಾಯಿತು, ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ.

ಕೊನೆಯ ಕೋಣೆಯ ಬಾಗಿಲು ಇನ್ನೂ ದೂರವಿತ್ತು. ಓಣಿಯಲ್ಲಿ ನೆಲ ಒರೆಸಿದ ಔಷಧಿಯ ವಾಸನೆ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಒದ್ದೆ ನೆಲ ಹೊಳೆಯುತ್ತಿತ್ತು. ಆವತ್ತೂ ನೆಲ ಹೀಗೇ ಒದ್ದೆಯಾಗಿತ್ತು. ಅಕ್ಕನನ್ನು ಆಸ್ಪತ್ರೆಯಿಂದ ಇಲ್ಲಿಗೆ ತಂದ ಹೊಸದು. 'ನಾನು ಕೆಲಸ ಮಾಡೋ ಜಾಗಾನೇ, ಕಣ್ಣೆದುರಿಗೇ ಇರ್ತಾಳೆ' ಎಂದು ಎಲ್ಲರಿಗೂ ಹೇಳಿ ತಂದಿದ್ದ. ಮನೆಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಕೋಣೆಗೆ ಬಂದವನು ಮಂಚದ ಬಳಿ ನಿಂತು, ಆಚೆ ಬದಿಯಲ್ಲಿ ನಿಂತಿದ್ದ ನರ್ಸಮ್ಮನನ್ನು ಕೇಳಿದ್ದ: 'ತಿಂತಿದಾಳಾ? ಹೊಟ್ಟೆ ಸರಿಯಾಗಿ ಹೋಗ್ತಿದೆಯಾ? ಮುಟ್ಟಿದ್ರೆ ಸುಮ್ಮನಿರ್ತಾಳಾ?' ಕೇಳುತ್ತಲೇ ಹೆಬ್ಬೆರಳಿಂದ ಅಕ್ಕನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಕೆಂಪು ನೋಡಿದ್ದ. ಹಸುವಾಗಲಿ ನಾಯಿಯಾಗಲಿ, ಮೊದಲು ನೋಡುವುದು ಅದನ್ನೇ, ಕೇಳುವುದು ಸಾಕಿದವರನ್ನೇ. ಇಷ್ಟು ವರ್ಷ ಮಾಡಿದ ಕೆಲಸ ಕೈಗೂ ಬಾಯಿಗೂ ಹತ್ತಿಬಿಟ್ಟಿತ್ತು. 'ಹೀಗೇ ಇದ್ರೆ ಎಷ್ಟು ದಿನ ಎಳೀಬಹುದು?' ಎಂದೂ ಕೇಳಿದ. ಆಗ ಗೊತ್ತಾಯಿತು, ಅವನು ಹೆಬ್ಬೆರಳಲ್ಲಿ ಎಳೆದು ಹಿಡಿದ ಆ ಕಣ್ಣು ಅವನನ್ನೇ ನೋಡುತ್ತಿತ್ತು. ಅದರಲ್ಲಿ ಮಂಕು ಇರಲಿಲ್ಲ, ಗೊಂದಲ ಇರಲಿಲ್ಲ. ಹೊಲಿಗೆ ಹೇಳಿಕೊಡುತ್ತಿದ್ದ ಕಾಲದಲ್ಲಿ ತಪ್ಪು ಹಾಕಿದ ಹೊಲಿಗೆಯನ್ನು ನೋಡುತ್ತಿದ್ದಳಲ್ಲ, ಅದೇ ಅಕ್ಕನ ಅದೇ ಕಣ್ಣು. ಅವನು ಬೆರಳು ತೆಗೆದ. ಅವಳು ನಿಧಾನವಾಗಿ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಅವನನ್ನು ಕಂಡರೆ ಆ ಮುಖ ಇವತ್ತಿಗೂ ಗೋಡೆಗೇ ತಿರುಗುತ್ತದೆ.

ಅದಾದ ಮೇಲೆ ಅವನು ಆ ಕೋಣೆಗೆ ಒಂಟಿಯಾಗಿ ಕಾಲಿಟ್ಟಿಲ್ಲ. ಅಕ್ಕನ ಹೆಸರನ್ನು ಸಂಶೋಧನೆಗೆ ಸೇರಿಸಿದ. ನಾಯಿ ಮುಂದೆ, ಕೈಯಲ್ಲಿ ಪ್ರಶ್ನೆಗಳ ಹಾಳೆ, ಹಿಂದೆ ಅವನು. ಅಕ್ಕನನ್ನು ನೋಡಲು ಬರುವ ತಮ್ಮನಾಗುವುದಕ್ಕಿಂತ ನಾಯಿ ಹಿಡಿದು ಬರುವ ಡಾಕ್ಟರಾಗುವುದು ಸುಲಭವಾಗಿತ್ತು. ಇವತ್ತೂ ಹಾಗೇ ಹೋದ. ನರ್ಸಮ್ಮ ಅಕ್ಕನಿಗೆ ಪಟ್ಟಿ ಕಟ್ಟಿ, ದಿಂಬಿಗೆ ಒರಗಿಸಿ ಕೂರಿಸಿದ್ದಳು. ನಾಯಿ ಮಂಚದಡಿ ಮೂಸಿ, ತಪಾಸಣೆ ಮುಗಿಸಿ, ಎಡಗಡೆಗೆ ಬಂದು ಕೂತಿತು. ಅಕ್ಕನ ಮೈಯಲ್ಲಿ ಈಗ ಕೆಲಸ ಮಾಡುವುದು ಎಡಗೈ ಒಂದೇ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಮಂಚದ ಕಾಲ ಬಳಿ ನಿಂತು ಹಾಳೆ ಓದಿದ. 'ನಿದ್ದೆ ಚೆನ್ನಾಗಿ ಬಂತಾ? ನೋವು ಇದೆಯಾ? ನಾಯಿ ಹತ್ತಿರ ಇದ್ದರೆ ಹಿತ ಅನಿಸುತ್ತಾ?' ತನ್ನ ದನಿ ತನಗೇ ಕೇಳಿಸಿತು: ಗಟ್ಟಿ, ಒಣಕಲು, ಕಿವುಡರಿಗೆ ಹೇಳುವ ಹಾಗೆ. ನಾಯಿ ತುಟಿ ನೆಕ್ಕಿಕೊಂಡಿತು. ಒಮ್ಮೆ ಆಕಳಿಸಿತು. ನಿದ್ದೆ ಬಂದದ್ದಲ್ಲ, ಕಳವಳವಾದದ್ದು. ವಿದ್ಯಾರ್ಥಿಗಳಿಗೆ ಅವನೇ ಈ ಪಾಠ ಹೇಳುತ್ತಿದ್ದ. ಆಗ ಗೋಡೆಯನ್ನೇ ನೋಡುತ್ತಿದ್ದ ಅಕ್ಕನ ಎಡಗೈ ಮಂಚದ ಅಂಚಿನಿಂದ ಇಳಿದು ನಾಯಿಯ ತಲೆ ಹುಡುಕಿತು. ಕಿವಿಯನ್ನು ಮಡಚಿ, ಅದರ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿಯಿತು. ದಿನವೂ ಹೀಗೆ ಮಾಡುತ್ತಿದ್ದಳು. ಮುದ್ದು ಮಾಡುತ್ತಿದ್ದಾಳೆ ಎಂದೇ ಅವನು ದಿನವೂ ಬರೆದುಕೊಂಡಿದ್ದ. ಇವತ್ತು ಅವನ ಎದೆಗೆ ಪಟ್ಟಿ ಬಿಗಿದಿತ್ತು, ಉಸಿರಾಡಿದರೆ ಒತ್ತುತ್ತಿತ್ತು, ಅದಕ್ಕೋ ಏನೋ ಕಣ್ಣಿಗೆ ಅದು ಬೇರೆ ರೀತಿ ಕಂಡಿತು. ಅವಳು ನಾಯಿಯ ಕಿವಿ ಮುಚ್ಚುತ್ತಿದ್ದಳು.

ಚಿಕ್ಕಂದಿನಲ್ಲಿ, ಮನೆಯ ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ, ಹಳೆಯ ಪೆಟ್ಟಿಗೆಗಳ ನಡುವೆ, ಅಕ್ಕ ಹೀಗೇ ಅವನ ಕಿವಿ ಮುಚ್ಚುತ್ತಿದ್ದಳು. ಆಗ ಎರಡು ಕೈಯೂ ಆಡುತ್ತಿತ್ತು. ಅಪ್ಪ ಮನೆಗೆ ಬಂದ ಸದ್ದಾದ ಕೂಡಲೆ, ಕೂಗಾಟ ಶುರುವಾಗುವ ಮುಂಚೆಯೇ, ಅವನನ್ನು ಗೂಡಿಗೆ ತಳ್ಳಿ ಎದುರಿಗೆ ಕೂತು, ಎರಡು ಅಂಗೈಗಳ ನಡುವೆ ಅವನ ತಲೆ ಹಿಡಿದುಕೊಳ್ಳುತ್ತಿದ್ದಳು. ಅಪ್ಪ ಹೊಡೆಯುತ್ತಿದ್ದುದು ಕಡಿಮೆ. ಅಪ್ಪನ ಎದೆಯೊಳಗೆ ಏನೋ ಸದಾ ಕುದಿಯುತ್ತಿತ್ತು, ಅವನು ಹೊಸಿಲು ದಾಟಿದರೆ ಸಾಕು, ಮನೆಯ ಬೆಕ್ಕು ಕೂಡ ಅಟ್ಟ ಹತ್ತುತ್ತಿತ್ತು. ಅಕ್ಕನ ಅಂಗೈಗಳ ಒಳಗೆ ತಮ್ಮನಿಗೆ ಕೇಳಿಸುತ್ತಿದ್ದುದು ಅವಳ ನಾಡಿಯ ಸದ್ದು ಮಾತ್ರ. ಆಮೇಲೆ ಒಳಗಿನಿಂದ ಕರೆ ಬರುತ್ತಿತ್ತು, ಯಾರಾದರೊಬ್ಬರು ಹೋಗಲೇಬೇಕು. ಅಕ್ಕ ಎದ್ದು, ಲಂಗದ ಧೂಳು ಕೊಡವಿ, 'ನೀನು ಹೊರಗಿರು. ನಾನು ನೋಡ್ಕೋತೀನಿ' ಎಂದು ಅವನನ್ನು ಹಿತ್ತಲ ಬಾಗಿಲಿಂದ ಆಚೆ ಕಳಿಸಿ, ತಾನು ಒಳಗೆ ಹೋಗುತ್ತಿದ್ದಳು. ಅವನು ಹೊರಗಿರುತ್ತಿದ್ದ. ಬಾಗಿಲ ಆಚೆ ಏನಾಯಿತು ಎಂದು ಅವನು ಯಾವತ್ತೂ ಕೇಳಲಿಲ್ಲ, ಅವಳು ಯಾವತ್ತೂ ಹೇಳಲಿಲ್ಲ. ನರ್ಸಮ್ಮ 'ಡಾಕ್ಟ್ರೇ, ಇನ್ನೊಂದು ಪ್ರಶ್ನೆ ಬಾಕಿ ಇತ್ತಲ್ಲ' ಎಂದು ನೆನಪಿಸಿದಳು. ಅವನು ಹಾಳೆ ನೋಡಿದ, ಅಕ್ಷರ ಕಾಣಲಿಲ್ಲ. ನಾಯಿಯ ಹಗ್ಗ ಎತ್ತಿಕೊಂಡು ಹೊರಗೆ ಬಂದುಬಿಟ್ಟ.

ತನ್ನ ಪುಟ್ಟ ಕೋಣೆಯಲ್ಲಿ ಲೆಕ್ಕದ ಮೇಡಂ ಪರದೆಯ ಮೇಲೆ ಮೂರು ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಮೇಲಿನದು ಅಕ್ಕನದು, ನಡುವಿನದು ನಾಯಿಯದು, ಕೆಳಗಿನದು ಅವನದು. ಡ್ರೈವರ್ ತಾತನ ಕೋಣೆಯ ಹೊತ್ತಿನಲ್ಲಿ ಅವನ ಗೆರೆಯೂ ನಾಯಿಯ ಗೆರೆಯೂ ಮಲಗಿದ್ದವು. ಓಣಿಯಲ್ಲಿ, ಕೊನೆಯ ಬಾಗಿಲು ಇನ್ನೂ ದೂರವಿರುವಾಗಲೇ, ಅವನ ಗೆರೆ ಏರತೊಡಗಿತ್ತು. ಅದು ಏರಿದ ಮೇಲೆ ನಾಯಿಯದು ಏರಿತು. ಬಾಗಿಲು ತೆರೆದಾಗ ಅಕ್ಕನದು. 'ಮೊದಲು ನೀವು, ಆಮೇಲೆ ನಾಯಿ, ಆಮೇಲೆ ಅಕ್ಕ' ಎಂದು ಅವಳು ಬೆರಳಿಟ್ಟು ತೋರಿಸಿದಳು. ದನಿಯಲ್ಲಿ ಗೆದ್ದ ಹೆಮ್ಮೆ ಇರಲಿಲ್ಲ. ಅದು ಇದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಇನ್ನೊಂದು ತುಂಡನ್ನೂ ತೋರಿಸಿದಳು, ನಿನ್ನೆಯದು: ಅವನು ಫೋನಿಗೆಂದು ಆಚೆ ಹೋದ ಹೊತ್ತು. ಅಲ್ಲಿ ಎರಡೇ ಗೆರೆ. ಎರಡೂ ಇಳಿದು, ಒಂದರ ಪಕ್ಕ ಒಂದು, ಒಂದೇ ಹಾಸಿಗೆಯಲ್ಲಿ ಮಲಗಿದ ಮಕ್ಕಳ ಹಾಗೆ ಸಮನಾಗಿದ್ದವು. ಅವನು ಸಭೆಯಲ್ಲಿ ಭಾಷಣ ಮಾಡಿ ಹುಡುಕಹೊರಟಿದ್ದು ಇದನ್ನೇ. ಎರಡು ಜೀವ ಒಂದನ್ನೊಂದು ಗುಣಪಡಿಸುತ್ತಿದ್ದವು, ಅದೂ ಅವನ ಸ್ವಂತ ಅಕ್ಕನ ಕೋಣೆಯಲ್ಲಿ. ಬೇಕಾಗಿದ್ದದ್ದು ಅವನು ಅಲ್ಲಿ ಇಲ್ಲದಿರುವುದು ಮಾತ್ರ. 'ಕೋಣೆ ಮುಚ್ಚೋದು ಬೇಡ ಸಾರ್' ಎಂದಳು ಮೇಡಂ. 'ನಾಯೀನ ನರ್ಸಮ್ಮ ಕರ್ಕೊಂಡು ಹೋಗಲಿ. ಸಾಕು.' ಸಾಕು ಎಂಬ ಮಾತನ್ನು ಅವಳು ಮೆತ್ತಗೆ ಹೇಳಿದಳು.

ಅವನು ತನ್ನ ಕುರ್ಚಿಯಲ್ಲಿ ಬಹಳ ಹೊತ್ತು ಕೂತ. ಇನ್‌ಸ್ಪೆಕ್ಟರ್ ಮೇಜಿನ ಕೆಳಗೆ, ಅವನ ಪಾದದಿಂದ ಸ್ವಲ್ಪ ದೂರದಲ್ಲಿ ಮಲಗಿತ್ತು. ಇಷ್ಟು ದೂರ ಮೊದಲಿನಿಂದಲೂ ಇತ್ತೋ, ಇವತ್ತು ಕಾಣುತ್ತಿದೆಯೋ. ಅಪ್ಪನ ಎದೆಗೆ ಯಾರೂ ಪಟ್ಟಿ ಕಟ್ಟಲಿಲ್ಲ. ಕಟ್ಟಿದ್ದರೆ ಅಲ್ಲಿಯೂ ಮೊದಲು ಏರುತ್ತಿದ್ದುದು ಅವನ ಗೆರೆಯೇ, ಆಮೇಲೆ ಬೆಕ್ಕಿನದು, ಆಮೇಲೆ ಮಕ್ಕಳದು. ಅಪ್ಪನಿಗೂ ಭಯವೇ ಇತ್ತೇನೋ, ಯಾರಿಗೆ ಗೊತ್ತು. ಗೂಡಿನಲ್ಲಿ ಕೂತವರಿಗೆ ಒಳಗಿರುವುದು ಸಿಟ್ಟೋ ಭಯವೋ ತಿಳಿಯುವುದಿಲ್ಲ. ನಾಯಿಯ ಹಗ್ಗವನ್ನು ನರ್ಸಮ್ಮನಿಗೆ ಕೊಡುವುದೇನೋ ಸುಲಭ. ಅಕ್ಕನಿಗೆ ನಾಯಿ ಉಳಿಯುತ್ತದೆ, ಮಾತು ಉಳಿಯುತ್ತದೆ, ಅವನ ಸಂಶೋಧನೆಯೂ ಉಳಿಯುತ್ತದೆ. ಆದರೆ ಹಗ್ಗ ಕೊಟ್ಟ ಮೇಲೆ ಆ ಕೋಣೆಗೆ ಹೋಗಲು ಅವನಿಗೆ ಏನು ನೆಪ ಉಳಿಯುತ್ತದೆ? ಬರಿಗೈಯಲ್ಲಿ ಹೋಗಬೇಕು. ಬರಿಗೈಯಲ್ಲಿ ಒಂದು ಸಲವಾದರೂ ಹೋಗದೆ ಇದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು, ಮತ್ತು ಹಾಗೆ ಗೊತ್ತಾದದ್ದಕ್ಕೆ ಎದೆ ಹೊಡೆದುಕೊಂಡಿತು. ಪಟ್ಟಿ ಬಿಚ್ಚಲು ಮರೆತು ಎದ್ದ. ಹಾಳೆಗೆಂದು ಕೈ ಚಾಚಿ, ಹಾಗೆಯೇ ಹಿಂದಕ್ಕೆ ತೆಗೆದ. ನಾಯಿಯನ್ನು ಓಣಿಯಲ್ಲಿ ನರ್ಸಮ್ಮನ ಕೈಗೆ ಕೊಟ್ಟು, 'ಇಲ್ಲೇ ಇರಿ, ಬಂದೆ' ಎಂದ.

ಮಧ್ಯಾಹ್ನದ ಬಿಸಿಲು ಅಕ್ಕನ ಹೊದಿಕೆಯ ಮೇಲೆ ಬಿದ್ದಿತ್ತು. ಬಾಗಿಲ ಸದ್ದಿಗೆ ಅವಳ ಮುಖ ಗೋಡೆಯಿಂದ ಈಚೆಗೆ ತಿರುಗಿತು. ನೋಟ ಅವನ ಮುಖದ ಮೇಲೆ ನಿಲ್ಲಲಿಲ್ಲ, ಅವನ ಮೊಣಕಾಲಿನ ಎತ್ತರದಲ್ಲಿ, ಹಿಂದೆ, ಅಕ್ಕಪಕ್ಕ ಹುಡುಕಿತು. ಹುಡುಕಿದ್ದು ಸಿಗದೆ ಮತ್ತೆ ಗೋಡೆಗೆ ಹೋಯಿತು. ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಭ್ಯಾಸಬಲದಿಂದ ಮಂಚದ ಕಾಲ ಬಳಿ ನಿಂತ. ನಿಂತು ನಿಂತು ನಾಚಿಕೆಯಾಗಿ, ಎಡಗಡೆಗೆ ಬಂದು, ಕುರ್ಚಿ ಎಳೆದರೆ ಸದ್ದಾದೀತೆಂದು ನೆಲದ ಮೇಲೆಯೇ ಕೂತ. ಮಂಡಿ ಕಟಕಟ ಎಂದಿತು. ಇನ್‌ಸ್ಪೆಕ್ಟರ್ ಕೂರುವ ಜಾಗ ಅದು. ಅಲ್ಲಿಂದ ಮಂಚ ಎಷ್ಟು ಎತ್ತರ, ಅಕ್ಕನ ಮುಖ ಎಷ್ಟು ದೂರ ಎಂದು ಅವನಿಗೆ ಮೊದಲ ಸಲ ತಿಳಿಯಿತು. 'ಅಕ್ಕ' ಎಂದ. ದನಿ ಗಟ್ಟಿಯಾಯಿತೆನಿಸಿ ಇಳಿಸಿಕೊಂಡ. 'ಅಕ್ಕ, ಆವತ್ತು ನಾನು ನಿನ್ನನ್ನೇ ಕೇಳಬೇಕಾಗಿತ್ತು. ನರ್ಸಮ್ಮನ್ನಲ್ಲ.' ಅವನು ಮಂಚದ ಅಂಚು ಹಿಡಿದುಕೊಂಡ. 'ಹೇಗಿದೀಯಾ?' ಎಂದು ಕೇಳಿದ. ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳುವ ಆ ಮಾತನ್ನು ಅವಳು ಮಲಗಿದಂದಿನಿಂದ ಅವನು ಒಂದು ಸಲವೂ ಕೇಳಿರಲಿಲ್ಲ. ಕೇಳಿದ ಮೇಲೆ ಅಳು ಬಂತು. ಒತ್ತಿ ಹಿಡಿದದ್ದರಿಂದ ಉಸಿರು ನಾಯಿಯ ಹಾಗೆ ಸಣ್ಣಗೆ, ಬೇಗಬೇಗ ಬರತೊಡಗಿತು. ಅಕ್ಕನ ಕೈ ಮಂಚದ ಅಂಚಿನಿಂದ ಇಳಿಯಿತು. ಅವನ ಕೂದಲು ಮುಟ್ಟಿತು. ಒಂದು ಕ್ಷಣ ನಿಂತು, ಬೆರಳುಗಳು ತಡಕಾಡಿ ಕಿವಿ ಹುಡುಕಿದವು. ಹೊಲಿಗೆಯಿಂದ ಒರಟಾದ ಆ ಅಂಗೈ ಒಂದು ಕಿವಿಯ ಮೇಲೆ ಕೂತಿತು. ಇನ್ನೊಂದು ಕಿವಿ ತೆರೆದೇ ಇತ್ತು. ಅವನು ಅಲುಗಾಡಲಿಲ್ಲ.

ಅಕ್ಕ ಮುಖ ಇತ್ತ ತಿರುಗಿಸಿದಳು. ಕೈಯಲ್ಲಿರುವುದು ಯಾರ ಕಿವಿ ಎಂದು ನೋಡಿದಳು. ಕೈ ತೆಗೆದಳು, ಸಿಟ್ಟಿನಿಂದ ಕಿತ್ತುಕೊಳ್ಳಲಿಲ್ಲ, ತಪ್ಪಿ ಇಟ್ಟದ್ದನ್ನು ಎತ್ತಿಕೊಳ್ಳುವ ಹಾಗೆ ತೆಗೆದಳು. ಬಾಯಿಯ ಒಂದು ಬದಿ ಮಾತಿಗಾಗಿ ಹೆಣಗಿತು. 'ನಾಯಿ ಎಲ್ಲಿ?' ಎಂದಳು. ಪದ ಸ್ವಲ್ಪ ಜೊಲ್ಲಿನಲ್ಲಿ ನೆನೆದಿತ್ತು, ಆದರೆ ನೆಟ್ಟಗಿತ್ತು. ಇಷ್ಟು ತಿಂಗಳ ಮೇಲೆ ಅವನಿಗೆಂದು ಬಂದ ಮೊದಲ ಮಾತು. 'ಆಚೆ ಇದೆ ಅಕ್ಕ. ನರ್ಸಮ್ಮನ ಹತ್ರ.' 'ಕಳಿಸು' ಎಂದಳು. ಅವನು ಮಂಡಿಯೂರಿ ಏಳುತ್ತಿದ್ದ; ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಅವನ ಕೈಯನ್ನು ಅವಳು ನೋಡಿದಳು. 'ನೀನು' ಎಂದು ನಿಲ್ಲಿಸಿದಳು. ಮುಂದಿನ ಮಾತಿಗೆ ಬಹಳ ಹೊತ್ತು ಹಿಡಿಯಿತು. 'ನೀನು ಹೊರಗಿರು.' ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲಂಗದ ಧೂಳು ಕೊಡವಿಕೊಂಡು ಎದ್ದು ನಿಂತ ಹುಡುಗಿಯ ದನಿ ಅದು, ಅದೇ. ಅವನನ್ನು ಯಾವುದರಿಂದಲೋ ಕಾಪಾಡಲು ಹೇಳಿದಳೋ, ಅವನಿಂದ ನಾಯಿಯನ್ನು ಕಾಪಾಡಲು ಹೇಳಿದಳೋ ಎಂದು ಅವನು ಅವಳ ಮುಖದಲ್ಲಿ ಹುಡುಕಿದ. ಅವಳು ಆಗಲೇ ಬಾಗಿಲ ಕಡೆ, ಮೊಣಕಾಲಿನ ಎತ್ತರಕ್ಕೆ, ನೋಡುತ್ತಿದ್ದಳು. 'ನಾನು ನೋಡ್ಕೋತೀನಿ' ಎಂಬುದು ಮಾತ್ರ ಈ ಸಲ ಬರಲಿಲ್ಲ.

ಅವನು ಹೊರಗೆ ಬಂದ. ನರ್ಸಮ್ಮ ಹಗ್ಗ ಬಿಟ್ಟ ಕೂಡಲೆ ಇನ್‌ಸ್ಪೆಕ್ಟರ್ ಅವನ ಕಾಲು ಬಳಸಿ ಒಳಗೆ ಹೋಯಿತು. ಮಂಚದಡಿ ಮೂಸಲಿಲ್ಲ, ಮೂಲೆ ನೋಡಲಿಲ್ಲ, ನೇರ ಎಡಗಡೆಗೆ ಹೋಗಿ, ಅವನು ಕೂತು ಬೆಚ್ಚಗಾದ ಜಾಗದಲ್ಲಿ ಕೂತಿತು. ಒಳಗೆ ಅಕ್ಕ ಏನೋ ಹೇಳಿದಳು. ನಿಲ್ಲಿಸಿ, ಮತ್ತೆ ಹೇಳಿದಳು. ಉದ್ದನೆಯ, ತಡವರಿಸುವ, ನಡುವೆ ಒಮ್ಮೆ ನಗೆಯಂಥದ್ದು ಬೆರೆತ ಮಾತು. ಪದಗಳು ತಿಳಿಯುವಷ್ಟು ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಅಂಗಿಯ ಒಳಗೆ ಪಟ್ಟಿ ಇನ್ನೂ ಬಿಗಿಯಾಗಿತ್ತು. ಲೆಕ್ಕದ ಮೇಡಂ ಕೂತ ಪುಟ್ಟ ಕೋಣೆಯ ಪರದೆಯ ಮೇಲೆ ಮೂರನೆಯ ಗೆರೆ, ಅವನ ಗೆರೆ, ಈಗ ಎಲ್ಲಿದೆಯೆಂದು ಅವಳಿಗೆ ಕಾಣುತ್ತಿರಬೇಕು. ನರ್ಸಮ್ಮ ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡು, 'ಕೇಳಿ, ಎಷ್ಟು ಚೆನ್ನಾಗಿ ಮಾತಾಡ್ತಿದಾರೆ! ಒಳಗೆ ಬರಲ್ವಾ ಡಾಕ್ಟ್ರೇ?' ಎಂದಳು.

'ಇಲ್ಲ' ಎಂದ ಅವನು, ಹಿತ್ತಲ ಬಾಗಿಲ ಬಳಿ ನಿಂತ ಮಗುವಿನಂತೆ ಗೋಡೆಗೆ ಒರಗಿಕೊಂಡು. 'ಅಕ್ಕ ಹೊರಗಿರು ಅಂದಿದಾಳೆ.'